ಲವಾನ್ ಅವರ ಹೊಲಿಗೆ ಬಿಚ್ಚಿದ್ದು ನಾವು

ಲವಾನ್ ಕುಚೇರಾ ಅವರನ್ನು ನಾನು ಮೊದಲು ನೋಡಿದ್ದು ಜನವರಿಯ ಒಂದು ಸೋಮವಾರ, ಬೆಳಿಗ್ಗೆ ಹತ್ತೂಕಾಲಿಗೆ. ಮೆಟ್ಟಿಲ ಮೇಲಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕಿ ಆಗಷ್ಟೇ ನಾನು ಕೆಲಸ ಮಾಡುವ ಗ್ರಂಥಾಲಯದ ಒಳಗೆ ಬಂದಿದ್ದೆ. ಅವರು ಬಾಗಿಲ ಬಳಿಯ ಕಾಲೊರಸಿನ ಮೇಲೆ ನಿಂತು ಬೂಟುಗಳನ್ನು ಎಂಟೋ ಹತ್ತೋ ಸಲ ಒರಸಿದರು. ಕೈಗವಸುಗಳನ್ನು ಹಲ್ಲಿನಲ್ಲಿ ಕಚ್ಚಿ ಎಳೆದರು. ಎರಡೂ ಮಣಿಕಟ್ಟಿಗೆ ಕಂದು ಬಣ್ಣದ ಪಟ್ಟಿ ಬಿಗಿದಿತ್ತು. ಮೈಮೇಲೆ ಗಂಡಸರ ಕೋಟು. ಅದರ ಗುಂಡಿಗಳನ್ನೆಲ್ಲ ಕಿತ್ತು ಅಲ್ಲಿ ಅಂಟುಪಟ್ಟಿ ಹಾಕಿಸಿದ್ದರು. ಗುಂಡಿ ಹಾಕುವುದು ಆ ಕೈಗಳಿಂದ ಆಗದ ಕೆಲಸ ಎಂದು ನನಗೆ ಆಮೇಲೆ ತಿಳಿಯಿತು.

ಮೇಜಿನ ಹತ್ತಿರ ಬಂದವರು ಸುತ್ತಿ ಬಳಸಿ ಮಾತಾಡಲಿಲ್ಲ.

"ಕೌದಿ ಹೊಲಿಯೋದು ಹೆಂಗೆ ಅಂತ ಬರೆದಿರೋ ಪುಸ್ತಕ ಇದ್ಯೇನಮ್ಮ? ಚಿತ್ರ ದೊಡ್ಡದಾಗಿರ್ಬೇಕು. ಓದೋದು ಕಮ್ಮಿ ಇರ್ಬೇಕು."

"ಇದೆ. ಮುಂಚೆ ಹೊಲಿದು ಅಭ್ಯಾಸ ಇದ್ಯಾ?"

"ಹಂದಿ ಕೊಯ್ದು ಅಭ್ಯಾಸ ಇದೆ. ಮೂವತ್ತೊಂದು ವರ್ಷ. ಹೊಲಿಯೋದು ಅದರ ಉಲ್ಟಾ ತಾನೆ, ಬಂದೇ ಬರುತ್ತೆ ಬಿಡು."

ನಾನು ನಕ್ಕೆ. ಅವರು ನಗಲಿಲ್ಲ. ಬಲಗೈಯ ಉಂಗುರದ ಬೆರಳನ್ನೂ ಕಿರುಬೆರಳನ್ನೂ ಮೇಜಿನ ಅಂಚಿಗೆ ಟಕಟಕ ಬಡಿದು ತೋರಿಸಿದರು. "ಈ ಎರಡಕ್ಕೂ ಎಡಗೈ ನಾಲ್ಕಕ್ಕೂ ಸ್ಪರ್ಶ ಇಲ್ಲ. ಬೆರಳು ಆಡಿಸ್ತಾ ಇರ್ಬೇಕಂತೆ, ಇಲ್ದಿದ್ರೆ ಉಳಿದಿದ್ದೂ ಹೋಗುತ್ತಂತೆ. ಪಿಯಾನೋ ಇಲ್ಲಾ ಸೂಜಿ ಅಂದ್ರು ಡಾಕ್ಟ್ರು. ಪಿಯಾನೋ ಇಡೋಕೆ ನಮ್ಮನೇಲಿ ಜಾಗ ಇಲ್ಲ."

ಅವರಿಗೆ ಆಗ ಅರವತ್ತೈದು ವರ್ಷ. ನಮ್ಮ ಊರು ಅಮೆರಿಕದ ನೆಬ್ರಾಸ್ಕಾದಲ್ಲಿ, ಪ್ಲಾಟ್ ನದಿಯಿಂದ ಅರ್ಧ ಗಂಟೆಯ ದಾರಿ. ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಅವರದು ಹಂದಿಯ ಭುಜದ ಮೂಳೆ ಬಿಡಿಸುವ ಕೆಲಸ. ಒಂದೇ ಚಾಕು, ಒಂದೇ ತಿರುವು, ಪಾಳಿಗೆ ಮೂರು ಸಾವಿರ ಸಲ. ಕೈ ಮರಗಟ್ಟುತ್ತಿದೆ ಎಂದು ಹೋದರೆ ಕಾರ್ಖಾನೆಯ ದಾದಿ ಮಂಜುಗಡ್ಡೆಯ ಚೀಲ ಕೊಟ್ಟು, ಹತ್ತು ನಿಮಿಷ ಕೂರಿಸಿ, ಮತ್ತೆ ಸಾಲಿಗೆ ಕಳಿಸುತ್ತಿದ್ದಳು. ಹದಿನಾರು ವರ್ಷ ಹೀಗೇ ಕಳಿಸಿದಳು. ನಿವೃತ್ತಿಯ ದಿನ ಆ ಕಾರ್ಖಾನೆಯವರು ಈ ಹೆಂಗಸಿಗೆ ಕೊಟ್ಟ ಉಡುಗೊರೆ ಒಂದು ಹಂದಿತೊಡೆ.

ಕೌದಿಯೇ ಯಾಕೆ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಮರೆತಿಲ್ಲ. "ಅಷ್ಟು ವರ್ಷ ಕೊಯ್ದಿದ್ದು ಒಂದೂ ನನ್ನ ಕಣ್ಣಿಗೆ ಮತ್ತೆ ಬೀಳಲಿಲ್ಲ ಕಣಮ್ಮ. ಬೆಲ್ಟ್ ಮೇಲೆ ಹೋಯ್ತು, ಹೋಯ್ತು. ಏನಾದ್ರೂ ಒಂದು ಮಾಡ್ಬೇಕು, ಅದು ಇದ್ದಲ್ಲೇ ಇರ್ಬೇಕು. ಹೋಗಿ ನೋಡಿದ್ರೆ, ಹೌದು, ಇದು ನಾನು ಮಾಡಿದ್ದು ಅನ್ನೋ ಹಂಗಿರ್ಬೇಕು."

ಪುಸ್ತಕ ಕೊಟ್ಟೆ. ಕೊಟ್ಟು ಸುಮ್ಮನಿರದೆ, "ಪುಸ್ತಕದಿಂದ ಕಲಿಯೋದು ಕಷ್ಟ. ಗುರುವಾರ ನಮ್ಮ ಚರ್ಚಿನ ನೆಲಮಾಳಿಗೆಗೆ ಬನ್ನಿ, ಹೆಂಗಸರೆಲ್ಲ ಸೇರಿ ಹೊಲೀತೀವಿ" ಎಂದೆ. ಅವರನ್ನು ಅಲ್ಲಿಗೆ ಕರೆದವಳು ನಾನೇ.

ಚರ್ಚಿನ ಕೌದಿಗೆ ಎಂಬತ್ತು ವರ್ಷಗಳ ಹೆಸರಿದೆ. ವರ್ಷಕ್ಕೆ ಒಂದು ದೊಡ್ಡ ಕೌದಿ. ಏಪ್ರಿಲ್‌ನಲ್ಲಿ ಪರಿಹಾರ ನಿಧಿಗಾಗಿ ಅದರ ಹರಾಜು. ಆ ವರ್ಷದ್ದು ಆಗಲೇ ಮುಗಿದಿತ್ತು, ಜನವರಿಯಲ್ಲಿ ಮುಂದಿನ ವರ್ಷದ್ದನ್ನು ಶುರು ಮಾಡಿದ್ದೆವು. ಎರಡು ಉದ್ದನೆಯ ಕೋಲುಗಳ ಚೌಕಟ್ಟಿಗೆ ಬಟ್ಟೆ, ಹತ್ತಿ, ಅಡಿಬಟ್ಟೆ ಮೂರನ್ನೂ ಬಿಗಿದು, ಎರಡೂ ಕಡೆ ಐದೈದು ಜನ ಕೂರುತ್ತೇವೆ. ಒಂದು ಮೊಳ ಹೊಲಿದಾದ ಮೇಲೆ ಅದನ್ನು ಕೋಲಿಗೆ ಸುತ್ತಿ, ಮುಂದಿನದನ್ನು ಬಿಚ್ಚಿಕೊಳ್ಳುತ್ತೇವೆ. ಸುತ್ತಿದ್ದು ಕೌದಿ ಮುಗಿಯುವವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮುಗಿದ ಮೇಲೆ ಹಿಂಭಾಗದ ಮೂಲೆಯಲ್ಲಿ ಎಲ್ಲರೂ ತಮ್ಮ ತಮ್ಮ ಹೆಸರನ್ನು ನೀಲಿ ದಾರದಲ್ಲಿ ಹೊಲಿಯುತ್ತಾರೆ.

ಇದನ್ನೆಲ್ಲ ನಡೆಸುವವರು ಆರ್ಡಿಸ್ ಹೋಲ್ಟ್. ಎಂಬತ್ತೆರಡು ವರ್ಷ, ಇಂಚಿಗೆ ಹತ್ತು ಹೊಲಿಗೆ. ಅವರಿಗೆ ಬಲಗೈಯಂತಿದ್ದವರು ಮಾರ್ವೆಲ್, ಪಾದ್ರಿಯವರ ಅತ್ತೆ. ಲವಾನ್ ಬಂದ ಮೊದಲ ಗುರುವಾರ ಇಬ್ಬರೂ ಬಾಗಿಲಿಗೇ ಹೋಗಿ ಕರೆತಂದರು. ಕಾಫಿ ಕೊಟ್ಟರು, ಕೋಟು ತೆಗೆಸಿದರು. ಲವಾನ್ ತಂದಿದ್ದ ಗಸಗಸೆ ತುಂಬಿದ ಕೊಲಾಚಿ ಬನ್ನುಗಳನ್ನು ಎಲ್ಲರೂ ಹೊಗಳಿ ತಿಂದರು.

ಕೈಹೊಲಿಗೆಯ ಗುಟ್ಟೆಲ್ಲ ಚೌಕಟ್ಟಿನ ಅಡಿಯ ಕೈಯಲ್ಲಿದೆ. ಮೇಲಿನ ಕೈ ಸೂಜಿ ಇಳಿಸುತ್ತದೆ. ಅಡಿಯ ಬೆರಳು ಅದರ ಮೊನೆ ತಾಕಿದ ಕೂಡಲೇ ಮೇಲಕ್ಕೆ ತಳ್ಳುತ್ತದೆ. ತಾಕಿದ್ದು ಎಷ್ಟು ಬೇಗ ಗೊತ್ತಾಗುತ್ತದೋ ಹೊಲಿಗೆ ಅಷ್ಟು ಸಣ್ಣದು. ಲವಾನ್ ಅವರ ಎಡಗೈ ಬೆರಳುಗಳಿಗೆ ತಾಕಿದ್ದೇ ಗೊತ್ತಾಗುತ್ತಿರಲಿಲ್ಲ. ಸೂಜಿ ಚುಚ್ಚಿ ರಕ್ತ ಬಂದರೂ ಗೊತ್ತಾಗುತ್ತಿರಲಿಲ್ಲ. ಇಂಚಿಗೆ ಮೂರು ಹೊಲಿಗೆ ಬಂದರೆ ಅದೇ ಹೆಚ್ಚು.

"ಎಷ್ಟು ಚೆನ್ನಾಗಿ ಬರ್ತಿದೆ ಲವಾನ್!" ಎಂದರು ಮಾರ್ವೆಲ್.

"ನಿಜವಾಗ್ಲೂ?"

"ಹೂಂ ಮತ್ತೆ! ಒಂಥರಾ ಬೇರೆ ಥರ ಇದೆ."

ನಮ್ಮ ಕಡೆ ಜನಿಸಿದವರಿಗೆ ಗೊತ್ತು, 'ಬೇರೆ ಥರ ಇದೆ' ಎನ್ನುವುದಕ್ಕಿಂತ ಕೆಟ್ಟ ಮಾತು ನಮ್ಮ ಬಾಯಲ್ಲಿ ಬರುವುದಿಲ್ಲ. ಲವಾನ್ ಅವರಿಗೂ ಗೊತ್ತಿರಬೇಕಿತ್ತು. ಆದರೆ ಆ ದಿನ ಅವರು ಅದನ್ನು ನಂಬಬಯಸಿದರು.

ಹನ್ನೊಂದಕ್ಕೆ ಅವರು ಮೊಮ್ಮಗಳನ್ನು ಶಿಶುವಿಹಾರದಿಂದ ಕರೆತರಲು ಹೊರಟರು. ಅವರ ಹಳೆಯ ಪಿಕಪ್ಪಿನ ಸದ್ದು ಚರ್ಚಿನ ಅಂಗಳ ದಾಟಿತು. ಆರ್ಡಿಸ್ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಕೆಂಡ್ರಾ, ನಿನ್ನ ಕಣ್ಣು ಚುರುಕು. ಆ ಅಂಚನ್ನ ಸ್ವಲ್ಪ ಬಿಚ್ಚಿಬಿಡ್ತೀಯಾ?"

"ಯಾವ ಅಂಚು?"

"ಅದೇ, ಲವಾನ್ ಕೂತಿದ್ ಕಡೆ."

ಮೂತಿ ಬಾಗಿದ ಪುಟ್ಟ ಕತ್ತರಿಯನ್ನು ನನ್ನ ಮುಂದಕ್ಕೆ ತಳ್ಳಿದರು. ನಾನು ಎರಡು ಗಂಟೆಗಳ ಅವರ ಕೆಲಸವನ್ನು ಹತ್ತು ನಿಮಿಷದಲ್ಲಿ ಬಿಚ್ಚಿದೆ. ಆರ್ಡಿಸ್ ಅದೇ ಜಾಗದಲ್ಲಿ ಕೂತು ಇಂಚಿಗೆ ಹತ್ತರಂತೆ ಹೊಲಿದರು. ಕೋಲು ಸುತ್ತಿದರು. ಹವಾಮಾನದ ಮಾತು ಶುರುವಾಯಿತು.

ಹೀಗೆ ಹದಿನಾಲ್ಕು ತಿಂಗಳು, ಗುರುವಾರದಿಂದ ಗುರುವಾರಕ್ಕೆ. ನಾನು ಜೋಳ ಬೆಳೆಯುವವರ ಮನೆಯವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗಳು. ದೊಡ್ಡವರು ಹೇಳಿದ್ದನ್ನು ಎದುರಾಡದೆ ಮಾಡುವುದೇ ಒಳ್ಳೆಯತನ ಎಂದು ನನ್ನನ್ನು ಬೆಳೆಸಿದ್ದರು. ಆದರೆ ಇದನ್ನೊಂದು ನೆಪವಾಗಿ ಒಪ್ಪಿಕೊಳ್ಳಬೇಡಿ. ನಾಲ್ಕು ವರ್ಷ ಪುಸ್ತಕ ಓದಿದವಳಿಗೆ ಇದು ಮೋಸ ಎಂದು ತಿಳಿಯಲು ಐದನೆಯ ವರ್ಷ ಬೇಕಾಗಿರಲಿಲ್ಲ. ನನಗೆ ತಿಳಿದಿತ್ತು. ಕತ್ತರಿ ಕೈಯಲ್ಲಿತ್ತು. ಬಿಚ್ಚಿದೆ.

ಆ ತಿಂಗಳುಗಳಲ್ಲಿ ಒಂದು ದಿನ ಲವಾನ್ ಅವರ ಬೆರಳಿಗೆ ಸೂಜಿ ಆಳವಾಗಿ ಇಳಿದು, ಎಡ ಅಂಚಿನಲ್ಲಿ ಒಂದು ಹಸಿರು ಎಲೆಯ ಚಿತ್ತಾರದ ಪಕ್ಕ ರಕ್ತ ಹತ್ತಿತು. ಅವರಿಗೆ ಗಾಬರಿ. ಮಾರ್ವೆಲ್ ಓಡಿ ಬಂದರು.

"ನೀರು ಬೇಡ, ನೀರು ಬೇಡ! ನಿನ್ನ ಉಗುಳೇ ಹಚ್ಚು. ಅವರವರ ರಕ್ತ ಅವರವರ ಉಗುಳಿಗೇ ಹೋಗೋದು."

"ಹಂದಿ ಸಾಲಲ್ಲಿ ಇದನ್ನ ಯಾರೂ ಹೇಳ್ಕೊಡ್ಲಿಲ್ಲ ನೋಡು," ಎನ್ನುತ್ತ ಲವಾನ್ ಉಗುಳಿನಲ್ಲಿ ತಿಕ್ಕಿದರು. ರಕ್ತ ಹೋಯಿತು, ಅಕ್ಕಿ ಕಾಳಿನಷ್ಟು ಹಳದಿ ಕಲೆ ಉಳಿಯಿತು. ಆ ದಿನವೂ ಅವರು ಹೋದ ಮೇಲೆ ನಾನು ಹೊಲಿಗೆ ಬಿಚ್ಚಿದೆ. ಕಲೆಯನ್ನು ಬಿಚ್ಚಲು ಬರುವುದಿಲ್ಲವಲ್ಲ.

ಮಾರ್ಚಿನಲ್ಲಿ ಕೌದಿ ಮುಗಿದು ಮೂಲೆಯಲ್ಲಿ ಹೆಸರು ಹಾಕುವ ದಿನ ಬಂತು. ಲವಾನ್ ತಮ್ಮ ಹೆಸರನ್ನು ಹೊಲಿಯಲು ಮುಕ್ಕಾಲು ಗಂಟೆ ತೆಗೆದುಕೊಂಡರು. ಹರಾಜಿಗೆ ಅವರ ತಂಗಿ ಜಾರ್ಜಿನ್ ಲಿಂಕನ್ ಪಟ್ಟಣದಿಂದ ಕಾರು ಓಡಿಸಿಕೊಂಡು ಬಂದಳು. ಬೆಲೆ ಕೂಗುವವರ ಮಧ್ಯೆ ಎದ್ದು ನಿಂತು, "ಎಡಗಡೆ ಅಂಚು ನಮ್ಮಕ್ಕ ಹೊಲಿದಿದ್ದು, ಯಾರಾದ್ರೂ ಮುಟ್ಟಿ ನೋಡೋಣ!" ಎಂದಳು. ಜನ ನಕ್ಕು ಕೈ ಬಿಟ್ಟರು. ಕೌದಿ ಅವಳ ಪಾಲಾಯಿತು. ನಾವು ಹತ್ತು ಜನ ಗೋಡೆಗೊರಗಿ ನಿಂತು ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಜೂನ್‌ನಲ್ಲಿ ಲವಾನ್ ತಂಗಿಯ ಮನೆಗೆ ಹೋದರು. ಅಲ್ಲಿ ನಡೆದದ್ದನ್ನು ಅವರೇ ನನಗೆ ಆಮೇಲೆ ಹೇಳಿದರು. ಜಾರ್ಜಿನ್ ಪಕ್ಕದ ಮನೆಯ ಇಬ್ಬರನ್ನು ಕರೆದು ಮಲಗುವ ಕೋಣೆಗೆ ನಡೆಸಿದಳಂತೆ. ಮಂಚದ ಮೇಲೆ ಕೌದಿ ಹಾಸಿತ್ತಂತೆ. "ತೋರಿಸಕ್ಕಾ, ನಿಂದು ಯಾವುದು ಅಂತ ನೀನೇ ತೋರ್ಸು" ಎಂದಳಂತೆ. ಲವಾನ್ ಬಗ್ಗಿ ಹಸಿರು ಎಲೆ ಹುಡುಕಿದರು. ಹಳದಿ ಕಲೆ ಸಿಕ್ಕಿತು. ಕಲೆಯ ಎರಡೂ ಪಕ್ಕ ಸಾಸಿವೆಯಂಥ ಹೊಲಿಗೆಗಳು. ಅಂಚಿನುದ್ದಕ್ಕೂ ಮಂಡಿಯೂರಿಕೊಂಡು ನೋಡಿದರು. ತಮ್ಮ ಚಾಕುವಿನ ಗೆರೆಯನ್ನು ಸಾವಿರ ಮೂಳೆಗಳ ನಡುವೆಯೂ ಗುರುತಿಸಬಲ್ಲ ಹೆಂಗಸು. ತಮ್ಮದಲ್ಲದ ಹೊಲಿಗೆಯನ್ನು ಗುರುತಿಸಲು ಎಷ್ಟು ಹೊತ್ತು?

"ಎಷ್ಟು ನಯವಾಗಿದೆ!" ಎಂದರಂತೆ ಪಕ್ಕದ ಮನೆಯವರು.

ಲವಾನ್, "ಹೂಂ" ಎಂದರಂತೆ. ತಂಗಿಯ ಮುಖ ನೋಡಿ ಅಷ್ಟೇ ಎಂದರಂತೆ.

ಮುಂದಿನ ಗುರುವಾರ ಅವರು ಬಂದಾಗ ಕೈಯಲ್ಲಿ ಕೊಲಾಚಿ ಇರಲಿಲ್ಲ, ಕಂಕುಳಲ್ಲಿ ತಂಗಿಗೆ ಏನೋ ನೆಪ ಹೇಳಿ ತಂದಿದ್ದ ಆ ಕೌದಿ ಇತ್ತು. ಹೊಸ ಕೌದಿ ಬಿಗಿದಿದ್ದ ಚೌಕಟ್ಟಿನ ಮೇಲೆಯೇ ಅದನ್ನು ಹರವಿದರು.

"ಇದರಲ್ಲಿ ನನ್ನ ಹೊಲಿಗೆ ಎಲ್ಲಿ?"

ಮಾರ್ವೆಲ್ ಎದ್ದು, "ಕಾಫಿ ಬಿಸಿ ಇದೆ ಲವಾನ್, ಒಂದು ಲೋಟ..." ಎಂದರು.

"ಕಾಫಿ ಆಮೇಲೆ ಕುಡೀತೀನಿ ಮಾರ್ವೆಲ್. ನನ್ನ ಹೊಲಿಗೆ ಎಲ್ಲಿ? ಒಂದು, ಒಂದೇ ಒಂದು ತೋರ್ಸು, ವಾಪಸ್ ಹೋಗ್ತೀನಿ."

"ನಿನ್ನ ಮನಸ್ಸು ನೋಯಿಸ್ಬಾರ್ದು ಅಂತ ಕಣೇ," ಎಂದರು ಆರ್ಡಿಸ್. "ಇದು ನಮ್ಮತ್ತೆ ಕಾಲದಿಂದ್ಲೂ ನಡ್ಕೊಂಡು ಬಂದಿದೆ. ಹೊಸಬರಿಗೆ ಹಂಗೇ ಮಾಡೋದು. ಯಾರ್ಗೂ ಬೇಜಾರಾಗಲ್ಲ, ಕೌದಿನೂ ಕೆಡಲ್ಲ."

"ಯಾರ್ಗೂ ಬೇಜಾರಾಗಲ್ಲ? ನನ್ನ ತಂಗಿ ಬೀದಿಯವರನ್ನೆಲ್ಲ ಕರೆದು ನಿನ್ನ ಹೊಲಿಗೆ ತೋರಿಸಿ ನಮ್ಮಕ್ಕಂದು ಅಂತಿದ್ದಾಳೆ! ಯಾರು ಬಿಚ್ಚಿದ್ದು?"

ನಾನು ಎದ್ದು ನಿಂತೆ. "ನಾನು, ಮಿಸೆಸ್ ಕುಚೇರಾ."

ಅವರು ನನ್ನನ್ನು ನೋಡಿದ ನೋಟದಲ್ಲಿ ಬೈಗುಳ ಇದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. "ನೀನಾ," ಎಂದರು. "ನನ್ನನ್ನ ಇಲ್ಲಿಗೆ ಬನ್ನಿ ಅಂತ ಕರೆದವಳು ನೀನೇ ಅಲ್ವೇನೇ?"

ಆಮೇಲೆ ಅವರು ಚೌಕಟ್ಟಿನ ಮೇಲಿದ್ದ ಆ ಪುಟ್ಟ ಕತ್ತರಿಯನ್ನೇ ಎತ್ತಿಕೊಂಡರು. ಕೌದಿಯ ಮೂಲೆ ತಿರುಗಿಸಿ, ತಮ್ಮ ಹೆಸರಿನ ನೀಲಿ ದಾರವನ್ನು ಒಂದೊಂದೇ ಅಕ್ಷರವಾಗಿ ಬಿಚ್ಚಿದರು. ಅವರ ಕೈಗೆ ಆ ಕತ್ತರಿ ಬಗ್ಗುತ್ತಿರಲಿಲ್ಲ. ಎರಡು ಸಲ ಬಿತ್ತು. ಎತ್ತಿಕೊಡಲು ಯಾರೋ ಬಾಗಿದರೆ, "ಮುಟ್ಬೇಡ" ಎಂದರು. ಪೂರಾ ಬಿಚ್ಚಲು ಅರ್ಧ ಗಂಟೆ ಹಿಡಿಯಿತು. ಹತ್ತು ಹೆಂಗಸರು ಅರ್ಧ ಗಂಟೆ ತಲೆ ತಗ್ಗಿಸಿ ಕೂತಿದ್ದೆವು.

"ಕೆಲಸ ನಂದಲ್ಲ, ಹೆಸರೂ ಬೇಡ," ಎಂದರು ದಾರದ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದು. "ಈಗ ಒಂದು ಕೇಳ್ತೀನಿ. ನನ್ನ ಹೊಲಿಗೆ ಹೆಂಗಿತ್ತು? ನನ್ನ ಮುಖ ನೋಡಿ ಹೇಳಿ."

ಮಾರ್ವೆಲ್ ಬಾಯಿ ತೆರೆದರು. "ನೋಡು ಲವಾನ್, ಅದರಲ್ಲೂ ಒಂಥರಾ..."

"ಬೇರೆ ಥರ ಅಂದ್ರೆ ಈ ಚೌಕಟ್ಟು ಎತ್ತಿ ಹಾಕ್ತೀನಿ!"

ಮಾರ್ವೆಲ್ ಬಾಯಿ ಮುಚ್ಚಿದರು. ಹತ್ತು ಜನರಲ್ಲಿ ಒಬ್ಬರಿಗೂ ನಾಲಿಗೆ ಏಳಲಿಲ್ಲ, ನನಗೂ ಏಳಲಿಲ್ಲ. ಕಾರ್ಖಾನೆಯವರು ಮಂಜುಗಡ್ಡೆ ಕೊಟ್ಟು ಬಾಯಿ ಮುಚ್ಚಿಸಿದರು, ನಾವು ಕಾಫಿ ಕೊಟ್ಟು ಮುಚ್ಚಿಸಿದೆವು. ಎರಡು ಕಡೆಯೂ ಆ ಕೈಗಳ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಲವಾನ್ ಕೌದಿ ಸುತ್ತಿಕೊಂಡು ಮೆಟ್ಟಿಲು ಹತ್ತಿ ಹೋದರು.

ಮೂರು ವಾರ ಕಳೆದ ಮೇಲೆ ಆರ್ಡಿಸ್ ನನಗೆ ಫೋನ್ ಮಾಡಿದರು. ಅವರು ಕಾರು ಓಡಿಸುವುದು ನಿಲ್ಲಿಸಿದ್ದರು. "ನನ್ನನ್ನ ಲವಾನ್ ಮನೆಗೆ ಬಿಡ್ತೀಯಾ? ನೀನೂ ಒಳಗೆ ಬರ್ಬೇಕು. ಕಾರಲ್ಲಿ ಕೂತ್ಕೊಂಡ್ರೆ ಆಗಲ್ಲ."

ಲವಾನ್ ಜಾಲರಿ ಬಾಗಿಲನ್ನು ತೆರೆಯದೆ ಒಳಗಿನಿಂದಲೇ ಮಾತಾಡಿದರು. "ಕಾಫಿಗೆ ಬಂದಿದ್ರೆ ಚರ್ಚಲ್ಲೇ ಸಿಗುತ್ತಲ್ಲ, ಆರ್ಡಿಸ್."

"ಕಾಫಿ ಬೇಡ. ನಿನ್ನ ಹೊಲಿಗೆ ಕೆಟ್ಟದಾಗಿದೆ ಅಂತ ಹೇಳೋಕೆ ಬಂದೆ."

"ಎಷ್ಟು ಕೆಟ್ಟದು?"

"ಹೊದ್ಕೊಂಡು ಮಗ್ಗಲು ತಿರುಗಿದ್ರೆ ಕಾಲುಗುರು ಸಿಕ್ಕಿಹಾಕ್ಕೊಳ್ಬೇಕು, ಅಷ್ಟು."

ಲವಾನ್ ಚಿಲಕಕ್ಕೆ ಕೈ ಹಾಕಿದರು. "ಇಷ್ಟು ಹೇಳೋಕೆ ನಿಂಗೆ ಒಂದೂವರೆ ವರ್ಷ ಬೇಕಾಯ್ತಾ?" ಎಂದು ಬಾಗಿಲು ತೆರೆದರು.

ಅಡುಗೆಮನೆಯಲ್ಲಿ ಕೂತ ಮೇಲೆ ಆರ್ಡಿಸ್ ಕೈಚೀಲದಿಂದ ಸವೆದ ಒಂದು ಚಮಚ ತೆಗೆದರು. ಅವರ ಅತ್ತೆಯ ಬೆರಳುಗಳು ಒಂದು ಚಳಿಗಾಲ ಹಿಮದಲ್ಲಿ ಸಿಕ್ಕಿ ಸತ್ತುಹೋಗಿದ್ದವಂತೆ. ಅವರು ಅಡಿಯ ಕೈಯಲ್ಲಿ ಬೆರಳಿನ ಬದಲು ಚಮಚವನ್ನು ಬೋರಲಾಗಿ ಹಿಡಿಯುತ್ತಿದ್ದರಂತೆ. ಸೂಜಿಯ ಮೊನೆ ಲೋಹಕ್ಕೆ ಬಡಿದರೆ ಟಿಕ್ ಎನ್ನುತ್ತದೆ. ಚಮಚದ ಉಬ್ಬಿನ ಮೇಲೆ ಜಾರಿ ತಾನೇ ಮೇಲೇಳುತ್ತದೆ. ಬೆರಳಿಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆ.

ಲವಾನ್ ಹಳೆಯ ಬಟ್ಟೆಯ ಮೇಲೆ ಎಂಟು ಹೊಲಿಗೆ ಹಾಕಿ ನೋಡಿದರು. ಇನ್ನೆಂಟು ಹಾಕಿದರು. ಬೆಳಕಿಗೆ ಹಿಡಿದು, ಅಳತೆಪಟ್ಟಿ ಇಟ್ಟು ಎಣಿಸಿದರು. ಇಂಚಿಗೆ ಐದು. ಖುಷಿಪಡುತ್ತಾರೆ ಎಂದುಕೊಂಡೆ. ಅವರ ಮುಖ ಕೆಂಪಾಯಿತು.

"ಚಮಚ! ನನ್ನ ಡ್ರಾಯರ್ ತುಂಬ ಚಮಚ ಬಿದ್ದಿದೆ ಆರ್ಡಿಸ್! ಇದು ನಿಂಗೆ ಮೊದಲನೇ ದಿನಾನೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ?"

"ಹೇಳ್ಬೇಕು ಅಂದ್ರೆ ನಿನ್ನ ಕೈ ಬಗ್ಗೆ ಮಾತು ಎತ್ತಬೇಕಿತ್ತು. ಅದು ಮರ್ಯಾದೆ ಅಲ್ಲ ಅಂದ್ಕೊಂಡೆ."

"ನನ್ನ ಕೈ ಏನು ಕದ್ದು ತಂದಿದ್ದಾ? ಎಲ್ಲರ ಮುಂದೇನೇ ಇತ್ತಲ್ಲ! ಕದ್ದು ಬಿಚ್ಚೋದು ಮರ್ಯಾದೆ, ಚಮಚ ತಗೋ ಅನ್ನೋದು ಅಮರ್ಯಾದೆ. ಯಾವ ಸೀಮೆ ಮರ್ಯಾದೆನೇ ನಿಮ್ದು?"

ಆರ್ಡಿಸ್ ಕ್ಷಮಿಸು ಎನ್ನಲಿಲ್ಲ. ಆ ಪದ ಅವರಿಗೆ ಬರುವುದಿಲ್ಲ. "ದಾರ ಉದ್ದ ಜಾಸ್ತಿ ತಗೊಂಡಿದ್ದೀಯ," ಎಂದರು. "ಮೊಣಕೈವರೆಗೆ ಸಾಕು." ಲವಾನ್ ಗೊಣಗುತ್ತಲೇ ದಾರ ಕತ್ತರಿಸಿದರು.

ನಾನು ಕ್ಷಮೆ ಕೇಳಿದೆ. "ಕೇಳ್ಕೊಂಡೆ," ಎಂದರು ಲವಾನ್. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನೂ ಮತ್ತೆ ಒತ್ತಾಯಿಸಲಿಲ್ಲ. ಮಾರನೆಯ ಗುರುವಾರ ಕತ್ತರಿಯನ್ನು ಚರ್ಚಿನ ಮೇಜಿನ ಮೇಲಿಟ್ಟು, ಇನ್ನು ಯಾರ ಹೊಲಿಗೆಯನ್ನೂ ಬಿಚ್ಚುವುದಿಲ್ಲ ಎಂದು ಹೇಳಿ ಬಂದೆ. ಮಾರ್ವೆಲ್ ನನಗೆ ಒಂದು ತುಂಡು ಕೇಕು ಕಟ್ಟಿಕೊಟ್ಟರು. ಲವಾನ್ ಯಾಕೆ ಬರುತ್ತಿಲ್ಲ ಎಂದು ಯಾರಾದರೂ ಕೇಳಿದರೆ ನಮ್ಮ ಚರ್ಚಿನವರು ಇವತ್ತಿಗೂ, "ಪಾಪ, ಅವರಿಗೆ ಕೈ ನೋವು" ಎನ್ನುತ್ತಾರೆ. ಅವರಿದ್ದಾಗ ಎತ್ತಲು ನಾವು ನಾಚಿದ ಆ ಕೈಗಳ ಮಾತು ಈಗ ಎಷ್ಟು ಸಲೀಸಾಗಿ ಬರುತ್ತದೆ ನೋಡಿ.

ಆ ಚಳಿಗಾಲವೆಲ್ಲ ಲವಾನ್ ತಂಗಿಯ ಕೌದಿಯನ್ನು ತಮ್ಮಲ್ಲೇ ಇಟ್ಟುಕೊಂಡರು. ಎಡ ಅಂಚಿನ ಆರ್ಡಿಸ್ ಅವರ ಹೊಲಿಗೆಯನ್ನು ಬುಡದಿಂದ ತುದಿಯವರೆಗೆ ಬಿಚ್ಚಿದರು; ಆರ್ಡಿಸ್ ಎದುರು ಕುರ್ಚಿಯಲ್ಲಿ ಕೂತು ನೋಡಿದರು. ಅದೇ ತೂತುಗಳ ಮೇಲೆ ತಾವೇ ಹೊಲಿದರು. ಹಳದಿ ಕಲೆಯ ಬಳಿ ಬಂದಾಗ ಅದನ್ನು ಮರೆಮಾಡುವ ಒಂದು ದಾರಿಯನ್ನು ಆರ್ಡಿಸ್ ಹೇಳಿದರು. "ಇರ್ಲಿ ಬಿಡು," ಎಂದರು ಲವಾನ್, "ಅದೊಂದು ಮೊದ್ಲಿಂದ್ಲೂ ನಂದೇ." ಕೊನೆಗೆ ಮೂಲೆಯಲ್ಲಿ ಹೆಸರು ಮತ್ತೆ ಹೊಲಿದು, ಲಿಂಕನ್‌ಗೆ ತೆಗೆದುಕೊಂಡು ಹೋಗಿ, ತಂಗಿಗೆ ನಡೆದದ್ದನ್ನೆಲ್ಲ ಹೇಳಿ, ಮಂಚಕ್ಕೆ ಹಾಸಿ ಬಂದರು.

ಲವಾನ್ ಅವರಿಗೆ ಈಗ ಅರವತ್ತೊಂಬತ್ತು. ಮಂಗಳವಾರವೂ ಗುರುವಾರವೂ ಬೆಳಿಗ್ಗೆ ತಮ್ಮ ಮನೆಯಲ್ಲೇ, ಊಟದ ಮೇಜಿನ ಪಕ್ಕ ಹಾಕಿಕೊಂಡ ಚೌಕಟ್ಟಿನಲ್ಲಿ ಮೂರನೆಯ ಕೌದಿ ಹೊಲಿಯುತ್ತಿದ್ದಾರೆ, ಇಂಚಿಗೆ ಆರು ಹೊಲಿಗೆ.